ವೇಷ ಹಾಕಿದ ವಿಷಗಳು

‘ಫಾಲ್‌ಔಟ್’ ವಿಡಿಯೋ ಗೇಮ್ ಸರಣಿಯಲ್ಲಿ ಊಟ ಎಂದರೆ ಕೂಡಿ ಕಳೆಯುವ ಲೆಕ್ಕ. ಸರಣಿಯ ಮೊದಲ ಆಟ ಬಂದದ್ದು 1997ರಲ್ಲಿ. ಕಥೆಯ ಪ್ರಕಾರ 2077ರಲ್ಲಿ ನಡೆದ ಅಣುಯುದ್ಧದಿಂದ ಅಮೆರಿಕ ಸುಟ್ಟುಹೋಗಿದೆ. ಎಷ್ಟೋ ತಲೆಮಾರು ಕಳೆದ ಮೇಲೂ ಜನ ಪಾಳುಬಿದ್ದ ಅಂಗಡಿಗಳ ಡಬ್ಬಿ ತಿನಿಸು, ಎರಡು ತಲೆಯ ದನದ ಮಾಂಸ, ಹೊಂಡದ ನೀರು ಇವನ್ನೇ ನಂಬಿ ದಿನ ದೂಡುತ್ತಾರೆ. ಒಂದು ತುತ್ತು ತಿಂದರೆ ಆಟಗಾರನ ಶಕ್ತಿ ಏರುತ್ತದೆ, ಜೊತೆಗೆ ‘ರ‍್ಯಾಡ್’ ಲೆಕ್ಕದಲ್ಲಿ ವಿಕಿರಣವೂ ಏರುತ್ತದೆ. ಸರಣಿಯ ಕೆಲವು ಆಟಗಳಲ್ಲಿ ಮಾಂಸವನ್ನು ಒಲೆಯ ಮೇಲಿಟ್ಟು ಬೇಯಿಸಿದರೆ ವಿಕಿರಣ ಮಾಯ. ಆಗಲೇ ಮೈಗೆ ಸೇರಿದ್ದನ್ನು ತೆಗೆಯಲು ‘ರ‍್ಯಾಡ್‌ಅವೇ’ ಎಂಬ ಔಷಧವಿದೆ. ಅದನ್ನು ರಕ್ತನಾಳಕ್ಕೆ ಏರಿಸಿದರೆ ಕೆಲವೇ ಕ್ಷಣಗಳಲ್ಲಿ ಲೆಕ್ಕ ಚುಕ್ತಾ.

ರ‍್ಯಾಡ್ ಆಟಕ್ಕಾಗಿ ಹುಟ್ಟಿಸಿದ ಅಳತೆಯಲ್ಲ. ಒಂದು ಕಿಲೋ ಅಂಗಾಂಶ ವಿಕಿರಣದಿಂದ ಎಷ್ಟು ಶಕ್ತಿಯನ್ನು ಹೀರಿಕೊಂಡಿತು ಎಂದು ಹೇಳುವ ಹಳೆಯ ಮಾನ ಅದು. ಈಗಿನ ಗ್ರೇ ಮಾನದ ನೂರನೇ ಒಂದು ಭಾಗ. ‘ಫಾಲ್‌ಔಟ್ 3’ರಲ್ಲಿ 1,000 ರ‍್ಯಾಡ್ ತುಂಬಿದರೆ ಸಾವು. ಇಡೀ ಮೈಗೆ ಒಮ್ಮೆಲೇ ಅಷ್ಟು ಬಿದ್ದರೆ ನಿಜಜೀವನದಲ್ಲೂ ಬದುಕುವುದು ಕಷ್ಟ. ಆಟದ ಕರ್ತೃಗಳು ಭೌತಶಾಸ್ತ್ರವನ್ನು ತೀರಾ ಕಡೆಗಣಿಸಿಲ್ಲ. ಅವರ ಸರಳೀಕರಣ ಬೇರೆ ಕಡೆ ಇದೆ: ಎಲ್ಲ ವಿಷಕ್ಕೂ ಒಂದೇ ಅಳತೆ, ಒಂದೇ ಮದ್ದು, ಬೆಂಕಿ ತಾಗಿದರೆ ಎಲ್ಲವೂ ಶುದ್ಧ. ಆಟವಾಡದವರ ಮನಸ್ಸಿನಲ್ಲೂ ಆಹಾರದ ವಿಷದ ಬಗ್ಗೆ ಇರುವುದು ಬಹುಮಟ್ಟಿಗೆ ಇದೇ ಚಿತ್ರ. ವಾಸ್ತವದಲ್ಲಿ ಒಂದೊಂದು ಕಲ್ಮಶಕ್ಕೂ ಅದರದೇ ರಸಾಯನವಿದೆ. ಅದು ಯಾವ ಪೋಷಕಾಂಶದ ವೇಷದಲ್ಲಿ ಒಳಗೆ ಬರುತ್ತದೆ, ಯಾವ ಅಂಗದಲ್ಲಿ ನೆಲೆಸುತ್ತದೆ, ಎಷ್ಟು ದಿನ ಇರುತ್ತದೆ, ಅಡುಗೆಮನೆಯಲ್ಲಿ ಅದಕ್ಕೇನಾಗುತ್ತದೆ ಎಂಬುದರ ಮೇಲೆ ಅಪಾಯ ನಿಂತಿದೆ.

ಮೊದಲು ಪಾಳು ಅಂಗಡಿಯ ಡಬ್ಬಿಯ ವಿಚಾರ. ಬಾಂಬಿನ ಗಾಮಾ ಕಿರಣ ಡಬ್ಬಿಯನ್ನು ಹಾದುಹೋದ ಮಾತ್ರಕ್ಕೆ ಒಳಗಿನ ತಿನಿಸು ವಿಕಿರಣಶೀಲವಾಗುವುದಿಲ್ಲ. ಬಿಸಿಲಿಗೆ ಒಣಗಿಸಿದ ಹಪ್ಪಳದೊಳಗೆ ಬಿಸಿಲು ಉಳಿದುಕೊಳ್ಳುವುದಿಲ್ಲವಲ್ಲ, ಹಾಗೆ. ನಾಸಿಕ್ ಬಳಿಯ ಲಾಸಲ್‌ಗಾಂವ್‌ನಲ್ಲಿ ಈರುಳ್ಳಿ ಮೊಳಕೆಯೊಡೆಯದಂತೆ ಕೋಬಾಲ್ಟ್-60ರ ಗಾಮಾ ಕಿರಣ ಹಾಯಿಸುವ ಘಟಕವಿದೆ. ಅಮೆರಿಕಕ್ಕೆ ಹೋಗುವ ಭಾರತದ ಮಾವಿನಹಣ್ಣಿಗೂ 2007ರಿಂದ ಇಂಥದೇ ಉಪಚಾರ ನಡೆಯುತ್ತಿದೆ. ಅವನ್ನು ತಿಂದವರಿಗೆ ವಿಕಿರಣ ತಗಲುವುದಿಲ್ಲ. ಕಿರಣ ತಾಗುವುದು ಒಂದು, ಕಿರಣ ಸೂಸುವ ವಸ್ತುವೇ ಆಹಾರದೊಳಗೆ ಸೇರುವುದು ಇನ್ನೊಂದು. ಆಹಾರದ ಮಟ್ಟಿಗೆ ಹೆದರಬೇಕಾದದ್ದು ಎರಡನೆಯದಕ್ಕೆ.

ಅದಕ್ಕೂ ಅಳತೆಮೀರಿ ಹೆದರುವಂತಿಲ್ಲ, ಏಕೆಂದರೆ ವಿಕಿರಣ ಇಲ್ಲದ ಊಟ ಭೂಮಿಯ ಮೇಲೆ ಎಂದೂ ಇರಲಿಲ್ಲ. ನಿಸರ್ಗದ ಪೊಟ್ಯಾಸಿಯಂನಲ್ಲಿ ಪ್ರತಿ ಹತ್ತು ಸಾವಿರ ಪರಮಾಣುಗಳಿಗೆ ಒಂದಕ್ಕಿಂತ ತುಸು ಹೆಚ್ಚು ಪೊಟ್ಯಾಸಿಯಂ-40 ಇರುತ್ತದೆ. ಅದರ ಅರ್ಧಾಯು ಸುಮಾರು 125 ಕೋಟಿ ವರ್ಷ. ಒಂದು ಬಾಳೆಹಣ್ಣಿನಲ್ಲಿ ಸೆಕೆಂಡಿಗೆ ಹದಿನೈದರಷ್ಟು ಇಂಥ ಪರಮಾಣುಗಳು ಒಡೆಯುತ್ತವೆ, ಅಂದರೆ 15 ಬೆಕೆರೆಲ್. ವಯಸ್ಕ ಮನುಷ್ಯನ ಮೈಯಲ್ಲೇ 4,000 ಬೆಕೆರೆಲ್‌ಗೂ ಹೆಚ್ಚು ಪೊಟ್ಯಾಸಿಯಂ-40 ಸದಾ ಇರುತ್ತದೆ. ಹೆಚ್ಚು ಬಾಳೆಹಣ್ಣು ತಿಂದರೆ ಇದು ಏರುತ್ತಾ ಹೋಗುವುದಿಲ್ಲ. ಬೇಕಾದಷ್ಟನ್ನು ಇಟ್ಟುಕೊಂಡು ಉಳಿದ ಪೊಟ್ಯಾಸಿಯಂ ಅನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ವಿಕಿರಣದ ಪ್ರಮಾಣಗಳನ್ನು ಬಾಳೆಹಣ್ಣಿನ ಲೆಕ್ಕದಲ್ಲಿ ಹೇಳುವ ಜನಪ್ರಿಯ ಪದ್ಧತಿ ಮುಗ್ಗರಿಸುವುದು ಇಲ್ಲೇ.

ಇನ್ನು ಕಾಲದ ಪ್ರಶ್ನೆ. ‘ಫಾಲ್‌ಔಟ್ 4’ರ ಕಥೆ ಯುದ್ಧವಾಗಿ 210 ವರ್ಷಗಳ ನಂತರದ್ದು. ಅಣುಸ್ಫೋಟದ ಬೂದಿಯಲ್ಲಿ ದೀರ್ಘಕಾಲ ಕಾಡುವ ಸೀಸಿಯಂ-137ರ ಅರ್ಧಾಯು ಸುಮಾರು 30 ವರ್ಷ. 210 ವರ್ಷಕ್ಕೆ ಅದು ಏಳು ಬಾರಿ ಅರ್ಧಕ್ಕೆ ಇಳಿದಿರುತ್ತದೆ. ಮೊದಲಿದ್ದ 128 ಪಾಲಿನಲ್ಲಿ ಒಂದು ಪಾಲು ಉಳಿದಿರುತ್ತದೆ. ಅಯೋಡಿನ್-131ರ ಅರ್ಧಾಯು ಎಂಟೇ ದಿನ. ಯುದ್ಧ ಮುಗಿದ ವರ್ಷದೊಳಗೇ ಅದರ ಸುಳಿವು ಇರುವುದಿಲ್ಲ. ಆಟದ ಪಾಳುನೆಲದಲ್ಲಿ ತುತ್ತು ತುತ್ತಿಗೂ ವಿಕಿರಣ ಸಿಗುವುದು ಕಥೆಯ ಅನುಕೂಲಕ್ಕಾಗಿ.

ಹಾಲು, ಮೂಳೆ, ಮಾಂಸ

ಬೇಗ ಕರಗಿಹೋಗುವ ಈ ಅಯೋಡಿನ್ನೇ 1986ರಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿತು. ಆ ವರ್ಷ ಏಪ್ರಿಲ್ 26ರಂದು ಚೆರ್ನೋಬಿಲ್ ಸ್ಥಾವರದ ನಾಲ್ಕನೇ ಘಟಕ ಸ್ಫೋಟಿಸಿತು. ಗಾಳಿಯಲ್ಲಿ ತೇಲಿಹೋದ ಅಯೋಡಿನ್-131 ಹುಲ್ಲಿನ ಮೇಲೆ ಬಿತ್ತು, ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಒಂದೆರಡು ದಿನದಲ್ಲೇ ಹಾಲಿಗೆ ಬಂತು. ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಬೇಕು, ಅದು ವಿಕಿರಣಶೀಲವೋ ಅಲ್ಲವೋ ಎಂದು ಗುರುತಿಸುವ ಉಪಾಯ ಅದಕ್ಕೆ ಗೊತ್ತಿಲ್ಲ. ಮಕ್ಕಳ ಗ್ರಂಥಿ ಚಿಕ್ಕದು, ಅವರು ಕುಡಿಯುವ ಹಾಲು ಹೆಚ್ಚು. ಬೆಲಾರೂಸ್, ಉಕ್ರೇನ್ ಮತ್ತು ರಷ್ಯಾದ ಕಲುಷಿತ ಪ್ರದೇಶಗಳಲ್ಲಿ ಆಗ ಮಕ್ಕಳು ಅಥವಾ ಹದಿಹರೆಯದವರಾಗಿದ್ದವರಲ್ಲಿ 2005ರ ವೇಳೆಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳು ದಾಖಲಾದವು. ಅವುಗಳಲ್ಲಿ ದೊಡ್ಡ ಪಾಲಿಗೆ ಆ ಹಾಲೇ ಕಾರಣ ಎಂದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ ತೀರ್ಮಾನಿಸಿತು.

ತಪ್ಪಿಸುವ ದಾರಿ ಸರಳವಾಗಿತ್ತು. ಕೆಲವು ವಾರ ಹಸಿ ಹಾಲು ಕುಡಿಯದಿದ್ದರೆ ಸಾಕಿತ್ತು. ಆ ಹಾಲನ್ನು ಪುಡಿ ಮಾಡಿ 80 ದಿನ ಇಟ್ಟಿದ್ದರೆ ಅಯೋಡಿನ್-131 ಸಾವಿರದ ಒಂದು ಪಾಲಿಗೆ ಇಳಿಯುತ್ತಿತ್ತು. ನೆರೆಯ ಪೋಲೆಂಡ್ ಅಪಘಾತದ ಸುದ್ದಿ ಹಬ್ಬಿದ ಕೂಡಲೇ ಹಾಲಿಗೆ ನಿರ್ಬಂಧ ಹಾಕಿ, ಒಂದು ಕೋಟಿಗೂ ಹೆಚ್ಚು ಮಕ್ಕಳಿಗೆ ಸಾಮಾನ್ಯ ಅಯೋಡಿನ್ ಕುಡಿಸಿತು. ಗ್ರಂಥಿ ಮೊದಲೇ ತುಂಬಿಕೊಂಡಿದ್ದರೆ ವಿಕಿರಣಶೀಲ ಅಯೋಡಿನ್‌ಗೆ ಜಾಗ ಸಿಗುವುದಿಲ್ಲ. ಸ್ಥಾವರಕ್ಕೆ ಹತ್ತಿರದ ಸೋವಿಯತ್ ಹಳ್ಳಿಗಳ ಜನಕ್ಕೆ ಸುದ್ದಿ ತಿಳಿದದ್ದೇ ತಡವಾಗಿ. ಅಯೋಡಿನ್ ಮಾತ್ರೆ ಬೇರಾವ ವಿಕಿರಣಶೀಲ ವಸ್ತುವಿಗೂ ಮದ್ದಲ್ಲ, ಹೊತ್ತು ಮೀರಿದ ಮೇಲೆ ಅಯೋಡಿನ್‌ಗೂ ಅಲ್ಲ.

ಸ್ಟ್ರಾನ್ಷಿಯಂ ಮತ್ತು ರೇಡಿಯಂ ಹಾಕುವುದು ಕ್ಯಾಲ್ಸಿಯಂನ ವೇಷ. ಅವು ಮೂಳೆಯಲ್ಲಿ ಕೂರುತ್ತವೆ, ಮತ್ತೆ ಸುಲಭಕ್ಕೆ ಏಳುವುದಿಲ್ಲ. ‘ಫಾಲ್‌ಔಟ್’ ಲೋಕದಲ್ಲಿ ನೀಲಿಯಾಗಿ ಹೊಳೆಯುವ ವಿಕಿರಣಶೀಲ ಕೋಲಾ ಒಂದಿದೆ. ಅಂಥ ಪಾನೀಯ ನಿಜ ಅಮೆರಿಕದಲ್ಲೂ ಮಾರಾಟವಾಗಿತ್ತು. 1920ರ ದಶಕದಲ್ಲಿ ‘ರೇಡಿಥಾರ್’ ಹೆಸರಿನ ರೇಡಿಯಂ ಬೆರೆಸಿದ ನೀರನ್ನು ಚೈತನ್ಯವರ್ಧಕವೆಂದು ಪುಟ್ಟ ಬಾಟಲಿಗಳಲ್ಲಿ ಮಾರುತ್ತಿದ್ದರು. ಎಬೆನ್ ಬೈಯರ್ಸ್ ಎಂಬ ಶ್ರೀಮಂತ ಉದ್ಯಮಿ ಕೈನೋವಿಗೆಂದು ಶುರು ಮಾಡಿ ಸಾವಿರಕ್ಕೂ ಹೆಚ್ಚು ಬಾಟಲಿ ಕುಡಿದ. ದವಡೆಯ ಮೂಳೆ ಕೊಳೆತು 1932ರಲ್ಲಿ ಸತ್ತ. ಬಾಟಲಿಯ ಚೀಟಿಯಲ್ಲಿದ್ದ ಮಾತು ಸುಳ್ಳಾಗಿರಲಿಲ್ಲ, ಅದರಲ್ಲಿ ನಿಜಕ್ಕೂ ರೇಡಿಯಂ ಇತ್ತು.

ಸೀಸಿಯಂ ಪೊಟ್ಯಾಸಿಯಂನ ಬಂಧು, ಹಾಗಾಗಿ ಸ್ನಾಯುಗಳಿಗೆ ಹೋಗುತ್ತದೆ. ಜೇಡಿಮಣ್ಣು ಅದನ್ನು ಬಿಗಿಯಾಗಿ ಹಿಡಿದಿಡುವುದರಿಂದ ಹೊಲದ ಬೆಳೆಗೆ ಅಷ್ಟಾಗಿ ಸಿಗುವುದಿಲ್ಲ. ಕಾಡು ಮತ್ತು ಗುಡ್ಡಗಳ ಹುಳಿ ಮಣ್ಣಿನಲ್ಲಿ ಮಾತ್ರ ಅದು ದಶಕಗಟ್ಟಲೆ ಅಣಬೆ, ಕಲ್ಲುಹೂವು, ಹುಲ್ಲುಗಳ ನಡುವೆ ಸುತ್ತುತ್ತಲೇ ಇರುತ್ತದೆ. ಚೆರ್ನೋಬಿಲ್‌ನಿಂದ ಸಾವಿರಾರು ಕಿಲೋಮೀಟರ್ ದೂರದ ವೇಲ್ಸ್‌ನ ಗುಡ್ಡಗಳಲ್ಲಿ ಕುರಿ ಮಾರಾಟದ ಮೇಲಿನ ಕೊನೆಯ ನಿರ್ಬಂಧ ತೆಗೆದದ್ದು 2012ರಲ್ಲಿ. ನಾರ್ವೆಯ ಸಾಮಿ ಜನರ ಹಿಮಸಾರಂಗಗಳು ಕಲ್ಲುಹೂವು ಮೇಯುತ್ತವೆ. ಅವುಗಳ ಮಾಂಸಕ್ಕೆ ಅಲ್ಲಿನ ಸರ್ಕಾರ 1986ರ ನವೆಂಬರ್‌ನಲ್ಲಿ ಮಿತಿಯನ್ನು ಕಿಲೋಗೆ 600 ಬೆಕೆರೆಲ್‌ನಿಂದ 6,000ಕ್ಕೆ ಏರಿಸಿತು. ಇದನ್ನು ಬೇಜವಾಬ್ದಾರಿ ಎನ್ನುವುದು ಸುಲಭ. ಹಳೆಯ ಮಿತಿಯನ್ನೇ ಹಿಡಿದಿದ್ದರೆ ಹಿಮಸಾರಂಗವನ್ನೇ ನಂಬಿದ ಒಂದು ಸಮುದಾಯದ ಬದುಕು ಅಲ್ಲಿಗೇ ನಿಲ್ಲುತ್ತಿತ್ತು. ಬವೇರಿಯಾದ ಕಾಡುಹಂದಿಗಳ ಮಾಂಸ ಇಂದಿಗೂ ಮಿತಿ ಮೀರುವುದುಂಟು. ಅವು ನೆಲ ಅಗೆದು ತಿನ್ನುವ ಒಂದು ಜಾತಿಯ ಅಣಬೆ ಇದಕ್ಕೆ ಕಾರಣ. ಆ ಸೀಸಿಯಂನ ಗಣನೀಯ ಪಾಲು ಚೆರ್ನೋಬಿಲ್‌ನದಲ್ಲ, 1960ರ ಆಸುಪಾಸಿನ ಬಾಂಬ್ ಪರೀಕ್ಷೆಗಳದ್ದು ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಆಟದ ಔಷಧಕ್ಕೆ ಹತ್ತಿರದ ನಿಜವಾದ ಔಷಧ ಸಿಗುವುದು ಸೀಸಿಯಂ ವಿಷಯದಲ್ಲೇ. ಪ್ರಷ್ಯನ್ ಬ್ಲೂ ಎಂಬ ಚಿತ್ರಕಾರರ ನೀಲಿ ಬಣ್ಣ ಕರುಳಿನಲ್ಲಿ ಸೀಸಿಯಂ ಅನ್ನು ಕಟ್ಟಿಹಾಕಿ ಮಲದೊಂದಿಗೆ ಹೊರಗೆ ಒಯ್ಯುತ್ತದೆ. ಮೈಯಲ್ಲಿರುವ ಸೀಸಿಯಂ ಅರ್ಧವಾಗಲು ಸುಮಾರು 110 ದಿನ ಬೇಕಾದ ಕಡೆ ಅದು 30 ದಿನಕ್ಕೆ ಇಳಿಸುತ್ತದೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳು ಆಸ್ಪತ್ರೆಯೊಂದರ ಸೀಸಿಯಂ ಯಂತ್ರ ಗುಜರಿಗೆ ಹೋಗಿ ಜನರ ಮೈಗೆ ಸೇರಿದಾಗ ಇದನ್ನೇ ಕೊಟ್ಟರು. ನಾರ್ವೆಯಲ್ಲಿ ಜಾನುವಾರುಗಳಿಗೆ ನೆಕ್ಕುವ ಉಪ್ಪಿನ ಗಡ್ಡೆಯಲ್ಲಿ ಬೆರೆಸಿ ತಿನ್ನಿಸಿದರು. ಅಡುಗೆಯ ವಿಷಯದಲ್ಲೂ ಆಟ ಪೂರ್ತಿ ತಪ್ಪಲ್ಲ. ಬೆಂಕಿ ಸೀಸಿಯಂ ಅನ್ನು ಏನೂ ಮಾಡಲಾರದು, ನೀರು ಮಾಡುತ್ತದೆ. ಮಾಂಸ ಅಥವಾ ಅಣಬೆಯನ್ನು ಉಪ್ಪುನೀರಿನಲ್ಲಿ ನೆನೆಸಿ, ಕುದಿಸಿ, ನೀರು ಚೆಲ್ಲಿದರೆ ದೊಡ್ಡ ಪಾಲು ಹೋಗುತ್ತದೆ. ಸುಟ್ಟು ತಿಂದರೆ ಎಲ್ಲವೂ ಉಳಿಯುತ್ತದೆ. ಆಟದಲ್ಲಿ ಮಾಡುವುದು ಸಾಮಾನ್ಯವಾಗಿ ಸುಡುವುದನ್ನೇ.

ಪ್ರಮಾಣದ ಬಗ್ಗೆ ಒಂದು ಲೆಕ್ಕ. ಅಣು ಅಪಘಾತದ ನಂತರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಆಹಾರದ ಮಾನದಂಡ ರೂಪಿಸುವ ಕೋಡೆಕ್ಸ್ ಆಯೋಗ ಸೂಚಿಸುವ ಸೀಸಿಯಂ-137 ಮಿತಿ ಕಿಲೋಗೆ 1,000 ಬೆಕೆರೆಲ್. ಆ ಮಿತಿಯನ್ನು ಮುಟ್ಟಿದ ಮಾಂಸ ಒಂದು ಕಿಲೋ ತಿಂದ ವಯಸ್ಕನಿಗೆ ಒಟ್ಟು ಬೀಳುವ ವಿಕಿರಣ ಸುಮಾರು 13 ಮೈಕ್ರೋಸೀವರ್ಟ್, ಒಂದು ಎದೆ ಎಕ್ಸ್‌ರೇಗಿಂತ ಕಡಿಮೆ. ಅದೇ 1,000 ಬೆಕೆರೆಲ್ ಪೊಲೋನಿಯಂ-210 ಆಗಿದ್ದರೆ ಅದರ ಸುಮಾರು 90 ಪಟ್ಟು ಹಾನಿ. ಒಡೆಯುವ ಪರಮಾಣುಗಳ ಸಂಖ್ಯೆ ಒಂದೇ ಆದರೂ ಸೂಸುವ ಕಿರಣ ಬೇರೆ, ನೆಲೆಸುವ ಅಂಗ ಬೇರೆ. ವಿಕಿರಣದೊಳಗೇ ಎಲ್ಲವನ್ನೂ ಒಂದೇ ಅಳತೆಗೆ ತರುವುದು ಇಷ್ಟು ಕಷ್ಟ.

ಸದ್ದು ಮಾಡದವು

ವಿಕಿರಣಶೀಲ ವಸ್ತುವಿಗೆ ಒಂದು ಗುಣವಿದೆ: ಅದು ತನ್ನನ್ನು ತಾನೇ ತೋರಿಸಿಕೊಡುತ್ತದೆ. ಸೆಕೆಂಡಿಗೆ ಕೆಲವೇ ಪರಮಾಣು ಒಡೆದರೂ ಉಪಕರಣಕ್ಕೆ ತಿಳಿಯುತ್ತದೆ. ಬೇರೆ ವಿಷಗಳಿಗೆ ಈ ಸೌಜನ್ಯವಿಲ್ಲ. ಏನನ್ನು ಹುಡುಕಬೇಕೆಂದು ಮೊದಲೇ ಗೊತ್ತಿದ್ದರೆ ಮಾತ್ರ ಪ್ರಯೋಗಾಲಯ ಅವನ್ನು ಹುಡುಕಿಕೊಡುತ್ತದೆ.

ಜಪಾನಿನ ಮಿನಮಾಟ ಊರಿನಲ್ಲಿ 1950ರ ದಶಕದಲ್ಲಿ ಬೆಕ್ಕುಗಳು ಹುಚ್ಚು ಹಿಡಿದಂತೆ ಕುಣಿದು ಸಾಯತೊಡಗಿದವು. 1956ರ ಮೇ 1ರಂದು ಅಲ್ಲಿನ ಆಸ್ಪತ್ರೆ ಕಾರಣ ತಿಳಿಯದ ನರರೋಗದ ಬಗ್ಗೆ ವರದಿ ಮಾಡಿತು. ಮೊದಲು ಅದನ್ನು ಅಂಟುರೋಗವೆಂದು ಭಾವಿಸಿ ಮೀನುಗಾರರ ಕುಟುಂಬಗಳನ್ನು ಊರು ದೂರವಿಟ್ಟಿತು. ಚಿಸ್ಸೊ ಕಾರ್ಖಾನೆ 1932ರಿಂದ ಕೊಲ್ಲಿಗೆ ಬಿಡುತ್ತಿದ್ದ ಪಾದರಸ ಮಿಥೈಲ್ ಪಾದರಸದ ರೂಪದಲ್ಲಿ ಮೀನು, ಚಿಪ್ಪುಜೀವಿಗಳಲ್ಲಿ ಸೇರಿತ್ತು. ಈ ಸಂಯುಕ್ತ ದೇಹದ ಒಂದು ಅಮೈನೋ ಆಮ್ಲಕ್ಕೆ ಅಂಟಿಕೊಂಡು ಮಿಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲದ ಹಾಗೆ ಕಾಣಿಸಿಕೊಳ್ಳುತ್ತದೆ. ಆ ವೇಷದಲ್ಲಿ ಮಿದುಳಿನ ತಡೆಗೋಡೆಯನ್ನೂ ಗರ್ಭದ ಮಾಸನ್ನೂ ದಾಟುತ್ತದೆ. ತಾಯಿಯಲ್ಲಿ ಲಕ್ಷಣವೇ ಕಾಣದಿದ್ದರೂ ಮಕ್ಕಳು ಅಂಗವಿಕಲರಾಗಿ ಹುಟ್ಟಿದರು. ಕಾರ್ಖಾನೆಯ ಆಸ್ಪತ್ರೆಯ ವೈದ್ಯ ಹೊಸೊಕಾವಾ ಹಾಜಿಮೆ 1959ರಲ್ಲಿ ಅಲ್ಲಿಯದೇ ಕೊಳಚೆಯನ್ನು ಬೆಕ್ಕಿಗೆ ತಿನ್ನಿಸಿ ರೋಗವನ್ನು ಕಣ್ಣಾರೆ ಕಂಡರು. ಕಂಪನಿ ಆ ಫಲಿತಾಂಶವನ್ನು ಮುಚ್ಚಿಟ್ಟಿತು, ವಿಸರ್ಜನೆ 1968ರವರೆಗೆ ನಡೆಯಿತು. ಮಿಥೈಲ್ ಪಾದರಸ ಮೀನಿನ ಮಾಂಸಕ್ಕೇ ಅಂಟಿರುವುದರಿಂದ ಕೊಬ್ಬು ತೆಗೆದರೂ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ಕಾರಣ ಹುಡುಕುವ ಕೆಲಸ ತಿರುಗುಮುರುಗಾಗಿ ತಪ್ಪಿದ ಉದಾಹರಣೆ ಕರ್ನಾಟಕದಲ್ಲಿದೆ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಬಡ ಕುಟುಂಬಗಳಲ್ಲಿ ಸೊಂಟ ಮತ್ತು ಮೂಳೆಸಂದುಗಳನ್ನು ಊನಗೊಳಿಸುವ ಕಾಯಿಲೆ ಕಂಡಾಗ, ಕೀಟನಾಶಕ ಸಿಂಪಡಿಸಿದ ಗದ್ದೆಗಳ ಏಡಿ ತಿಂದದ್ದೇ ಕಾರಣವೆಂಬ ಶಂಕೆ ಹುಟ್ಟಿತು. ಮುಂದಿನ ಸಂಶೋಧನೆಯಲ್ಲಿ ಅದು ವಂಶವಾಹಿಯಿಂದ ಬರುವ ಕಾಯಿಲೆಯೆಂದು ತಿಳಿಯಿತು.

ಆರ್ಸೆನಿಕ್‌ನದು ಭತ್ತದ ಕಥೆ. ನೀರು ನಿಂತ ಗದ್ದೆಯಲ್ಲಿ ಅದು ಸಿಲಿಸಿಕ್ ಆಮ್ಲದಂತೆ ವರ್ತಿಸುತ್ತದೆ. ತನ್ನ ಕಾಂಡ ಗಟ್ಟಿಯಾಗಲು ಭತ್ತ ಸಿಲಿಕಾನ್ ಹೀರುವ ದ್ವಾರದಲ್ಲೇ ಆರ್ಸೆನಿಕ್ ಕೂಡ ಒಳಬರುತ್ತದೆ. ಬೇರೆ ಧಾನ್ಯಗಳಿಗಿಂತ ಅಕ್ಕಿಯಲ್ಲಿ ಅದು ಹೆಚ್ಚಿರುವುದು ಇದರಿಂದ, ಪಾಲಿಶ್ ಮಾಡಿದ ಅಕ್ಕಿಗಿಂತ ತೌಡಿನಲ್ಲಿ ಇನ್ನೂ ಹೆಚ್ಚು. ಅದು ನೀರಿನಲ್ಲೂ ಬರುತ್ತದೆ. ಕೆರೆನೀರಿನ ರೋಗಾಣುಗಳಿಂದ ಮಕ್ಕಳನ್ನು ಉಳಿಸಲೆಂದು 1970ರ ದಶಕದಿಂದ ಬಾಂಗ್ಲಾದೇಶದಲ್ಲಿ ಲಕ್ಷಾಂತರ ಕೊಳವೆಬಾವಿ ಕೊರೆದರು. ಆ ನೀರಿನಲ್ಲಿ ಆರ್ಸೆನಿಕ್ ಇರುವುದು ಖಚಿತವಾದದ್ದು 1993ರಲ್ಲಿ. ರಾಯಚೂರು, ಯಾದಗಿರಿ ಜಿಲ್ಲೆಗಳ ಚಿನ್ನದ ಅದಿರಿನ ಸೀಮೆಯ ಕೆಲವು ಹಳ್ಳಿಗಳ ಅಂತರ್ಜಲದಲ್ಲೂ ಅದು ಪತ್ತೆಯಾಗಿದೆ. ಬಹಳ ನೀರಿಟ್ಟು ಅನ್ನ ಬೇಯಿಸಿ ಗಂಜಿ ಬಸಿದರೆ ಆರ್ಸೆನಿಕ್‌ನ ಅರ್ಧದಷ್ಟು ಹೋಗುತ್ತದೆ. ಕುಕ್ಕರಿನ ಅನ್ನದಲ್ಲಿ ಅಷ್ಟೂ ಉಳಿಯುತ್ತದೆ. ಬೇಯಿಸುವ ನೀರಿನಲ್ಲೇ ಆರ್ಸೆನಿಕ್ ಇದ್ದರೆ ಬಸಿದೂ ಪ್ರಯೋಜನವಿಲ್ಲ.

ಬೇಕೆಂದೇ ಬೆರೆಸುವ ವಿಷದ ಲೆಕ್ಕ ಬೇರೆ. ಬಾಂಗ್ಲಾದೇಶದಲ್ಲಿ 1980ರ ದಶಕದಲ್ಲಿ ನೆರೆಯಿಂದ ಬಣ್ಣಗೆಟ್ಟ ಅರಿಸಿನಕ್ಕೆ ಸೀಸದ ಕ್ರೋಮೇಟ್ ಹಳದಿ ಹಚ್ಚುವ ಚಾಳಿ ಶುರುವಾಯಿತು. ತನಿಖೆ, ದಂಡ, ಪ್ರಚಾರ ಒಟ್ಟಿಗೆ ನಡೆದಾಗ, 2019ರಲ್ಲಿ ಮಾರುಕಟ್ಟೆಯ ಶೇ 47ರಷ್ಟು ಮಾದರಿಗಳಲ್ಲಿದ್ದ ಸೀಸ 2021ಕ್ಕೆ ಸೊನ್ನೆಗೆ ಬಂತು. ಚೀನಾದಲ್ಲಿ 2008ರಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮಿನ್ ಹಾಕಿ ಸುಮಾರು ಮೂರು ಲಕ್ಷ ಕೂಸುಗಳ ಮೂತ್ರಪಿಂಡಕ್ಕೆ ಹಾನಿ ಮಾಡಿದರು, ಆರು ಮಕ್ಕಳು ಸತ್ತವು. ಪ್ರೋಟೀನ್ ಪರೀಕ್ಷೆ ಅಳೆಯುವುದು ಸಾರಜನಕವನ್ನು, ಮೆಲಮಿನ್ ತುಂಬಾ ಸಾರಜನಕವೇ. ಇಲ್ಲಿ ಮೋಸಹೋದದ್ದು ದೇಹವಲ್ಲ, ಪರೀಕ್ಷೆ.

ಇನ್ನು ಒಲೆಯೇ ಹುಟ್ಟಿಸುವ ಕಲ್ಮಶ. ಸ್ವೀಡನ್ನಿನ ಹಾಲಂಡ್ಸೊಸ್ ಸುರಂಗದಲ್ಲಿ 1997ರಲ್ಲಿ ಬಿರುಕು ಮುಚ್ಚುವ ಅಂಟು ಸೋರಿ, ಅದರಲ್ಲಿದ್ದ ಅಕ್ರಿಲಮೈಡ್‌ನಿಂದ ಹಸುಗಳಿಗೆ ಕಾಲು ಬಿದ್ದುಹೋಯಿತು. ಕಾರ್ಮಿಕರ ರಕ್ತವನ್ನು ಹೋಲಿಸಲು ಸುರಂಗದ ಹತ್ತಿರಕ್ಕೂ ಸುಳಿಯದವರ ರಕ್ತ ಪರೀಕ್ಷಿಸಿದರೆ ಅವರಲ್ಲೂ ಅಕ್ರಿಲಮೈಡ್‌ನ ಗುರುತು ಸಿಕ್ಕಿತು. ಅದರ ಜಾಡು ಹಿಡಿದವರು 2002ರಲ್ಲಿ ಮುಟ್ಟಿದ್ದು ಆಲೂಗಡ್ಡೆ ಚಿಪ್ಸ್ ಮತ್ತು ಬ್ರೆಡ್ಡನ್ನು. ಪಿಷ್ಟವುಳ್ಳ ಪದಾರ್ಥ 120 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಕೆಂಪಗಾಗುವಾಗ ಸಕ್ಕರೆ ಮತ್ತು ಆಸ್ಪರಜಿನ್ ಎಂಬ ಅಮೈನೋ ಆಮ್ಲ ಸೇರಿ ಅದು ಹುಟ್ಟುತ್ತದೆ. ಬೇಯಿಸಿದ ಆಲೂಗಡ್ಡೆಯಲ್ಲಿ ಆ ಭಯವಿಲ್ಲ. ಮನುಷ್ಯರಿಗೆ ಇದರಿಂದ ಆಗುವ ಹಾನಿಯ ಪ್ರಮಾಣ ಪ್ರಾಣಿಗಳಲ್ಲಿ ಕಂಡಷ್ಟು ಸ್ಪಷ್ಟವಾಗಿಲ್ಲ.

ಬೂಷ್ಟು

ಜನ ಹೆದರುವ ಕ್ರಮಕ್ಕೂ ವಿಷ ಕೊಲ್ಲುವ ಕ್ರಮಕ್ಕೂ ಎಷ್ಟು ಅಂತರವಿದೆ ಎಂಬುದಕ್ಕೆ ಅಫ್ಲಾಟಾಕ್ಸಿನ್ ಒಂದೇ ಸಾಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಕಾರಣ ತಿಳಿಯದೆ ಸತ್ತವು. ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಆಸ್ಪರ್‌ಜಿಲಸ್ ಎಂಬ ಬೂಷ್ಟು ಬೆಳೆದು ವಿಷ ಬಿಟ್ಟಿತ್ತು. ಹದಿನಾಲ್ಕು ವರ್ಷಗಳ ನಂತರ, 1974ರ ಕೊನೆಯಲ್ಲಿ, ರಾಜಸ್ಥಾನ ಮತ್ತು ಗುಜರಾತಿನ ಗಡಿಭಾಗದ ಆದಿವಾಸಿ ಹಳ್ಳಿಗಳಲ್ಲಿ ಕಾಮಾಲೆಯೊಂದಿಗೆ ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆ ಹಬ್ಬಿ ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ಮನೆಗಳ ನಾಯಿಗಳೂ ಸತ್ತವು. ಅಕಾಲದ ಮಳೆಗೆ ನೆನೆದ ಮೆಕ್ಕೆಜೋಳವನ್ನು, ಬೇರೆ ಕಾಳಿಲ್ಲದ ಕಾರಣ, ಮುಗ್ಗಿದ್ದರೂ ತಿಂದಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿದ ಕೆಲವು ಮಾದರಿಗಳಲ್ಲಿ ಕಿಲೋಗೆ 15 ಮಿಲಿಗ್ರಾಂವರೆಗೂ ಅಫ್ಲಾಟಾಕ್ಸಿನ್ ಇತ್ತು. ಧಾನ್ಯಗಳಿಗೆ ಭಾರತದ ಈಗಿನ ಮಿತಿ ಕಿಲೋಗೆ 15 ಮೈಕ್ರೋಗ್ರಾಂ, ಅಂದರೆ ಅದರ ಸಾವಿರದ ಒಂದು ಪಾಲು. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ಸಿಕ್ಕಿ ಮುಗ್ಗಿದ ಜೋಳದ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಭೇದಿ ಕಾಣಿಸಿದ್ದಕ್ಕೆ ಕಾರಣ ಫ್ಯುಮೊನಿಸಿನ್ ಎಂಬ ಇನ್ನೊಂದು ಬೂಷ್ಟಿನ ವಿಷ. ಅಲ್ಲಿ ಕಾಯಿಲೆ ಬೇಗ ವಾಸಿಯಾಯಿತು.

ಹೀಗೆ ಒಮ್ಮೆಲೇ ಕೊಲ್ಲುವುದು ಅಪರೂಪ. ಸಣ್ಣ ಪ್ರಮಾಣದಲ್ಲಿ ವರ್ಷಗಟ್ಟಲೆ ಒಳಗೆ ಹೋದ ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರ್ ತರುತ್ತದೆ. ಹೆಪಟೈಟಿಸ್-ಬಿ ಸೋಂಕು ಇರುವವರಲ್ಲಿ ಅಪಾಯ ಹಲವು ಪಟ್ಟು. ಎಣ್ಣೆಯಲ್ಲಿ ಕರಿಯುವ ಶಾಖಕ್ಕೂ ಈ ವಿಷ ಪೂರ್ತಿ ನಾಶವಾಗುವುದಿಲ್ಲ. ಬೂಷ್ಟು ಒರೆಸಿದರೆ ಹೋಗುವುದು ಬೂಷ್ಟು ಮಾತ್ರ. ಪ್ರಷ್ಯನ್ ಬ್ಲೂನಂಥ ಪ್ರತಿಮದ್ದು ಇದಕ್ಕಿಲ್ಲ. ಕೆಲಸಕ್ಕೆ ಬರುವುದು ಹಳೆಯ ಎರಡು ರೂಢಿಗಳು: ಕೊಯ್ಲಾದ ಕೂಡಲೇ ಚೆನ್ನಾಗಿ ಒಣಗಿಸುವುದು, ಸುಕ್ಕಿದ, ಬಣ್ಣ ಕೆಟ್ಟ, ಹುಳು ತಿಂದ ಕಾಳನ್ನು ಆರಿಸಿ ಎಸೆಯುವುದು. ಒಂದು ಚೀಲ ಶೇಂಗಾದ ವಿಷವೆಲ್ಲ ಬೆರಳೆಣಿಕೆಯ ಕಾಳುಗಳಲ್ಲಿ ಇರಬಹುದು. ಆರಿಸುವುದರಿಂದ ಲಾಭವಾಗುವುದೂ, ಒಂದು ಹಿಡಿ ಮಾದರಿ ತೆಗೆದು ಚೀಲದ ಗುಣ ಹೇಳುವುದು ಕಷ್ಟವಾಗುವುದೂ ಇದೇ ಕಾರಣಕ್ಕೆ. ಆರಿಸಿ ತೆಗೆದ ಕಾಳು ಹಿಂಡಿಗೆ ಹೋದರೆ ಮಾತ್ರ ವಿಷ ಜಾಗ ಬದಲಿಸಿತೇ ಹೊರತು ತೊಲಗಿದಂತಾಗಲಿಲ್ಲ.

ಹಿಂಡಿಯ ಅಫ್ಲಾಟಾಕ್ಸಿನ್‌ನ ಶೇಕಡ ಕೆಲವು ಪಾಲು ಹಸುವಿನ ಯಕೃತ್ತಿನಲ್ಲಿ ಎಂ1 ಎಂಬ ರೂಪಕ್ಕೆ ತಿರುಗಿ ಒಂದು ದಿನದೊಳಗೆ ಹಾಲಿಗೆ ಬರುತ್ತದೆ. ಕಾಯಿಸಿದರೂ ಪಾಶ್ಚರೀಕರಿಸಿದರೂ ಅದು ಅಲ್ಲೇ ಇರುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ ಸಂಗ್ರಹಿಸಿದ 6,432 ಹಾಲಿನ ಮಾದರಿಗಳಲ್ಲಿ ಯೂರಿಯಾ, ಡಿಟರ್ಜೆಂಟ್‌ನಂಥ ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು 12ರಲ್ಲಿ. ಅಫ್ಲಾಟಾಕ್ಸಿನ್ ಎಂ1 ಮಿತಿ ಮೀರಿದ್ದು 368ರಲ್ಲಿ. ಮುಗ್ಗಿದ ಹಿಂಡಿ ನಿಲ್ಲಿಸಿ ಒಳ್ಳೆಯ ಮೇವು ಕೊಟ್ಟರೆ ನಾಲ್ಕಾರು ದಿನಗಳಲ್ಲಿ ಹಾಲು ಶುದ್ಧವಾಗುತ್ತದೆ.